ಲಾಲಾರಸ ಪರೀಕ್ಷೆಯ ಕಿಟ್: ಕರುಳಿನ ಕ್ಯಾನ್ಸರ್ ಬಗ್ಗೆ ಅದು ಹೇಳುವುದೆಷ್ಟು?

ಬಾಯಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿಕೊಡುವ ಈ ಕಿಟ್‌ನ ಬಳಕೆ ಸುಲಭ: ಸಣ್ಣ ಕೊಳವೆಯಲ್ಲಿ ಗೆರೆಯವರೆಗೆ ಉಗುಳು ತುಂಬಿಸಿ, ಮುಚ್ಚಳ ಬಿಗಿದು, ಒಳಗಿನ ದ್ರಾವಣದೊಂದಿಗೆ ಬೆರೆಯುವಂತೆ ಅಲುಗಾಡಿಸಿ ಕಳಿಸಿದರಾಯಿತು. ತೊಡಕಿರುವುದು ವರದಿಯಲ್ಲಿ. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಹೆಸರಿನ ಎದುರು ಕೆಂಪು ಪಟ್ಟಿ ಎಳೆದು, ‘ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚು’ ಎಂದು ಬರೆದಿರುವುದು ನನಗೆ ಸರಿ ಕಾಣಲಿಲ್ಲ.

ಒಸಡಿನ ರೋಗದಲ್ಲಿ ಹೆಚ್ಚುವ ಈ ಬ್ಯಾಕ್ಟೀರಿಯಾ ಕರುಳಿನ ಗೆಡ್ಡೆಗಳಲ್ಲೂ ಅಧಿಕವಾಗಿರುವುದನ್ನು 2012ರಲ್ಲೇ ಎರಡು ಸಂಶೋಧನಾ ತಂಡಗಳು ವರದಿ ಮಾಡಿದ್ದವು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಸುಮಾರು 200 ಗೆಡ್ಡೆಗಳನ್ನು ಪರೀಕ್ಷಿಸಿ, ಅದರ ಒಂದು ನಿರ್ದಿಷ್ಟ ಉಪಗುಂಪು ಸರಿಸುಮಾರು ಅರ್ಧದಷ್ಟರಲ್ಲಿ ಇರುವುದನ್ನು ಕಂಡಿತು. ಆದರೆ ಗೆಡ್ಡೆಗೆ ಅದೇ ಕಾರಣವೋ, ಗೆಡ್ಡೆ ಬೆಳೆದ ಮೇಲೆ ಅಲ್ಲಿ ನೆಲೆಸಿತೋ ಎಂಬುದು ಮನುಷ್ಯರ ಮಟ್ಟಿಗೆ ಇನ್ನೂ ಇತ್ಯರ್ಥವಾಗಿಲ್ಲ. ಆರೋಗ್ಯವಂತರ ಬಾಯಲ್ಲೂ ಇರುವ ಈ ಜೀವಿಯ ಉಪಗುಂಪನ್ನೇ ಬೇರ್ಪಡಿಸಿ ತೋರಿಸದ ವರದಿಯಿಂದ ಕರುಳಿನ ಸ್ಥಿತಿ ತಿಳಿಯದು.

ಒಸಡಿನ ಬಗ್ಗೆ ಸುಳಿವು ಬೇಕಿದ್ದರೆ ಕಿಟ್ ಕೊಳ್ಳಬಹುದು. ಅದಕ್ಕೂ ದಂತವೈದ್ಯರ ತಪಾಸಣೆಯೇ ಮೇಲು. ನನ್ನ ನಿಜವಾದ ಆತಂಕ, ಹಸಿರು ಪಟ್ಟಿ ಕಂಡ ಸಮಾಧಾನದಲ್ಲಿ ಯಾರಾದರೂ ಕರುಳಿನ ಕ್ಯಾನ್ಸರ್ ಪತ್ತೆಗಿರುವ ಮಲಪರೀಕ್ಷೆಯನ್ನೋ ಕೊಲೊನೋಸ್ಕೋಪಿಯನ್ನೋ (ಕರುಳಿನೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಪರೀಕ್ಷೆ) ಮುಂದೂಡಿಬಿಟ್ಟಾರು ಎಂಬುದು. ಈ ಕಿಟ್ ಅವುಗಳಿಗೆ ಬದಲಿಯಲ್ಲ ಎಂಬ ಎಚ್ಚರಿಕೆಯನ್ನು ವರದಿಯ ಕೊನೆಯ ಪುಟದ ಸಣ್ಣಕ್ಷರಗಳಿಂದ ತೆಗೆದು ಮೊದಲ ಪುಟದಲ್ಲೇ ಅಚ್ಚು ಹಾಕಬೇಕು.