ರೇಷನ್ ಕಾರ್ಡ್ ಹೆಸರು ಹೇಳಿ ಮನೆಗೆ ಬಂದವನಿಗೆ ಹೆಬ್ಬೆಟ್ಟು ಕೊಡಬೇಡಿ

ನಮ್ಮದು ಹೊಸನಗರ ತಾಲ್ಲೂಕು. ದೀಪಾವಳಿ ಆಯಿತೆಂದರೆ ಅಡಿಕೆ ಸುಲಿತ ಶುರು. ಅಮ್ಮ ನಲವತ್ತು ವರ್ಷ ಕಂಡವರ ಮನೆ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವಳು. ಬೆರಳ ತುದಿಯೆಲ್ಲ ಕಪ್ಪು, ಗೆರೆಗಳು ಸವೆದೇ ಹೋಗಿವೆ. ರೇಷನ್ ಕಾರ್ಡಿನ ಇ-ಕೆವೈಸಿಗೆ, ಅಂದರೆ ಬೆರಳಚ್ಚು ಕೊಟ್ಟು ಆಧಾರ್ ತಾಳೆ ನೋಡಿಸೋಕೆ, ಸೊಸೈಟಿಗೆ ಹೋದರೆ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಎರಡು ಸಲ ಸುಮ್ನೆ ಹೋಗಿ ಬಂದಳು. ಅಷ್ಟರಲ್ಲಿ ಕಾರ್ಡಿನಿಂದ ಹೆಸರು ತೆಗೆಯುತ್ತಾರೆ ಅಂತ ಊರಲ್ಲಿ ಗುಲ್ಲು. ಕಾರ್ಡ್ ಹೋದರೆ ಅನ್ನಭಾಗ್ಯದ ಅಕ್ಕಿಗೂ ಕುತ್ತು, ಗೃಹಲಕ್ಷ್ಮಿಯ 2,000 ರೂಪಾಯಿಗೂ ಕುತ್ತು. ಹೆದರಿಕೆ ಆಗದೇ ಇರುತ್ತಾ?

ಸರಿಯಾಗಿ ಆ ಹೊತ್ತಿಗೇ ಅವನು ಬಂದಿದ್ದು. ಕೈಯಲ್ಲಿ ಫೋನು, ಅದಕ್ಕೆ ವೈರು ಸಿಕ್ಕಿಸಿದ ಪುಟ್ಟ ಮಿಷನ್ನು, ಕೊರಳಲ್ಲಿ ಎಂಥದೋ ಗುರುತಿನ ಚೀಟಿ. "ತಾಲ್ಲೂಕು ಆಫೀಸಿಂದ ಬಂದಿದೀನಿ ಅಮ್ಮ, ಮನೇಲೇ ಮಾಡಿಕೊಡ್ತೀನಿ, ನೂರು ರೂಪಾಯಿ ಕೊಡಿ" ಅಂದನಂತೆ. ಅಮ್ಮ ಕೂರಿಸಿ ಕಾಫಿ ಬೇರೆ ಕೊಟ್ಟಿದ್ದಾಳೆ! ಆಧಾರ್ ನಂಬರ್ ಬರೆದುಕೊಂಡ. ಗೃಹಲಕ್ಷ್ಮಿ ದುಡ್ಡು ಯಾವ ಬ್ಯಾಂಕಿಗೆ ಬರುತ್ತೆ ಅಂತ ಕೇಳಿದ. ಅಕ್ಕಿಯ ಕೆಲಸಕ್ಕೆ ಬ್ಯಾಂಕಿನ ಹೆಸರು ಯಾಕೆ ಬೇಕು? ನಾನು ಅಲ್ಲಿದ್ದರೆ ಕೇಳುತ್ತಿದ್ದೆನೋ ಏನೋ, ಗೊತ್ತಿಲ್ಲ. ಬಿಸಿನೀರಲ್ಲಿ ಕೈ ತೊಳೆಸಿ, ಬಟ್ಟೆಯಲ್ಲಿ ಒರೆಸಿ, "ನೆಟ್‌ವರ್ಕ್ ಇಲ್ಲ, ಇನ್ನೊಂದ್ಸಲ ಒತ್ತಿ" ಅಂತ ಒತ್ತಿಸುತ್ತಲೇ ಇದ್ದ. ನಮ್ಮ ಕಡೆ ನೆಟ್‌ವರ್ಕ್ ಇಲ್ಲ ಅಂದರೆ ಯಾರಾದರೂ ನಂಬುತ್ತಾರೆ ಅಲ್ವಾ.

ಹದಿನೈದು ದಿನದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾಯಿತು. ಅದೇ ದಿನ, ಮೂರು ಸಲ, ಎರಡೆರಡು ಸಾವಿರ. ಖಾತೆಗೆ ಕೊಟ್ಟಿದ್ದ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿತ್ತು, ಹಾಗಾಗಿ ಮೆಸೇಜೂ ಇಲ್ಲ. ಇ-ಕೆವೈಸಿ ಅಂತೂ ಆಗಿಯೇ ಇರಲಿಲ್ಲ.

ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಈ ಮೂರು ಸಿಕ್ಕರೆ ದುಡ್ಡು ತೆಗೆಯಬಹುದು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಬ್ಯಾಂಕ್ ದೂರ ಇರುವ ಹಳ್ಳಿಯವರಿಗೆ ಅನುಕೂಲ ಆಗಲಿ ಅಂತ ಮಾಡಿದ ವ್ಯವಸ್ಥೆ ಇದು. ಅನುಕೂಲ ಆಗಿದ್ದು ಅವನಿಗೆ.

ರೇಷನ್ ಕಾರ್ಡಿನ ಇ-ಕೆವೈಸಿಯನ್ನು ನ್ಯಾಯಬೆಲೆ ಅಂಗಡಿಯಲ್ಲೇ ಪುಕ್ಕಟೆ ಮಾಡುತ್ತಾರೆ. ಅಲ್ಲೂ ದುಡ್ಡು ಕೇಳಿದರೆ ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಖಾತೆಯಿಂದ ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ, ಬ್ಯಾಂಕಿಗೂ ಅರ್ಜಿ ಬರೆದುಕೊಡಿ. ನಾವು ಹದಿನೈದು ದಿನ ತಡ ಮಾಡಿದ್ದೇ ದೊಡ್ಡ ತಪ್ಪು. ಆಧಾರ್ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು, ಅದಕ್ಕೆ ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಒಂದು ಪೇಚು ಇದೆ: ಲಾಕ್ ಇದ್ದಾಗ ಸೊಸೈಟಿಯ ಮಿಷನ್ನೂ ಬೆರಳು ತಗೊಳ್ಳಲ್ಲ. ರೇಷನ್ ತರಲು ಹೋಗುವ ಮುಂಚೆ ತೆಗೆದು, ಬಂದ ಮೇಲೆ ಮತ್ತೆ ಹಾಕಬೇಕು.

ದೂರು ಕೊಟ್ಟಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ. ಹೋದ ವಾರ ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಸೊಸೈಟಿಗೆ ಹೋದೆ. ಹೆಬ್ಬೆಟ್ಟು ಬಿಟ್ಟು ಬೇರೆ ಬೆರಳು ಇಡಿಸಿ ನೋಡಿ ಅಂದೆ. ಎಡಗೈಯ ಉಂಗುರದ ಬೆರಳನ್ನು ಮಿಷನ್ನು ಒಪ್ಪಿಕೊಂಡಿತು. ಎರಡು ನಿಮಿಷದ ಕೆಲಸ.