ನಾಯಿಯ ತುರಿಕೆಗೆ ಬೇವಿನ ಸಾಬೂನೋ, ಕೊಬ್ಬರಿ ಎಣ್ಣೆಯೋ, ಔಷಧಿ ಶಾಂಪೂವೋ?

ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಔಷಧಿ ಶಾಂಪೂಗೇ. 2% ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ), 2% ಮೈಕೊನಜೋಲ್ (ಯೀಸ್ಟ್ ಎಂಬ ಶಿಲೀಂಧ್ರ ತಡೆಯುವ ಔಷಧಿ) ಎರಡೂ ಇರುವಂಥದ್ದನ್ನೇ ಕೇಳಿ ಪಡೆಯಿರಿ. ಕಂಕುಳು, ತೊಡೆಸಂದಿ, ಬೆರಳ ನಡುವೆ ಚರ್ಮ ಕೆಂಪಾಗಿ, ಜಿಡ್ಡುಗಟ್ಟಿ, ಹುಳಿ ವಾಸನೆ ಬರುವ ತುರಿಕೆಗೆ ಇದು ಸರಿಹೊಂದುತ್ತದೆ. ಅಲ್ಲಿ ಸಾಮಾನ್ಯವಾಗಿ ಯೀಸ್ಟ್, ಬ್ಯಾಕ್ಟೀರಿಯಾ ಬೆಳೆದಿರುತ್ತವೆ.

ಅದಕ್ಕೂ ಮೊದಲು ಚಿಗಟ, ಉಣ್ಣಿ ನೋಡಿಬಿಡಿ. ಹಣಿಗೆಯಿಂದ ಬಾಚಿದಾಗ ಉದುರುವ ಕಪ್ಪು ಕಾಳುಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಡಿ. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ. ಕಿವಿಯ ಅಂಚನ್ನು ಮಡಚಿ ಬೆರಳಲ್ಲಿ ಉಜ್ಜಿದಾಗ ಹಿಂಗಾಲು ತಾನೇ ಕೆರೆಯತೊಡಗಿದರೆ ಕಜ್ಜಿಯ ಅನುಮಾನ. ಈ ಎರಡಕ್ಕೂ ಶಾಂಪೂ ಸಾಲದು, ಡಾಕ್ಟರ ಕಡೆಯಿಂದ ಬೇರೆ ಔಷಧಿಯೇ ಬೇಕು.

ಬೇವಿನ ಸಾಬೂನು ಅಗ್ಗ, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಅದು ಮನುಷ್ಯರ ಮೈಸಾಬೂನು, ಕ್ಷಾರ ಹೆಚ್ಚು. ವಿಜಯಪುರ, ಬಾಗಲಕೋಟೆ ಕಡೆಯ ಬೋರಿನ ಗಡಸು ನೀರಲ್ಲಿ ನೊರೆ ಬರದೆ ಬಿಳಿ ಕೆನೆ ಕೂದಲಿಗೆ ಅಂಟುತ್ತದೆ. ಚರ್ಮ ಒಣಗಿ ತುರಿಕೆ ಇನ್ನೂ ಹೆಚ್ಚುತ್ತದೆ.

ಕೊಬ್ಬರಿ ಎಣ್ಣೆ ಒಣಗಿ ಬಿರಿದ ಮೊಣಕೈಗೆ ಪರವಾಗಿಲ್ಲ. ಜಿಡ್ಡಿರುವ ಕಡೆ ಹಚ್ಚಲೇಬೇಡಿ.

ಶಾಂಪೂವಿನ ದೊಡ್ಡ ತಕರಾರು ಒಂದೇ: ನೊರೆ 10 ನಿಮಿಷ ಮೈಮೇಲೆ ಇರಬೇಕು. ಮುಧೋಳ ನಾಯಿಯನ್ನು ಅಷ್ಟು ಹೊತ್ತು ಒಂದೆಡೆ ನಿಲ್ಲಿಸುವುದೇ ದೊಡ್ಡ ಕೆಲಸ. ಬಹಳ ಜನ ಎರಡು ನಿಮಿಷಕ್ಕೇ ನೀರು ಸುರಿದು, ಔಷಧಿ ಕೆಲಸ ಮಾಡಲಿಲ್ಲ ಅಂತ ಬಾಟಲಿ ಮೂಲೆಗೆ ಸೇರಿಸುತ್ತಾರೆ. ಕೂದಲು ಪೂರ್ತಿ ತೋಯಿಸಿ, ಶಾಂಪೂವನ್ನು ಬಕೆಟ್ಟಿನಲ್ಲಿ ಕಲಸದೆ ನೇರವಾಗಿ ಕೈಗೆ ಹಾಕಿಕೊಳ್ಳಿ. ಬಕೆಟ್ ನೀರಿಗೆ ಬಿದ್ದರೆ ಔಷಧಿ ತೀರಾ ತೆಳುವಾಗುತ್ತದೆ. ಹೆಚ್ಚು ಕೆರೆಯುವ ಪಾದ, ಕಂಕುಳಿಂದ ಶುರುಮಾಡಿ ಬೆನ್ನಿಗೆ ಕೊನೆಗೆ ಬನ್ನಿ. ಗಡಿಯಾರ ನೋಡುವುದು ಇಡೀ ಮೈ ಉಜ್ಜಿ ಮುಗಿದ ಮೇಲೆ. ಬೇಸಿಗೆಯಲ್ಲಿ ಬಿಸಿಲಿಗೆ ಕಟ್ಟಿದರೆ ನೊರೆ ಚರ್ಮದ ಮೇಲೇ ಒಣಗುತ್ತದೆ. ಆದ್ದರಿಂದ ಬೆಳಿಗ್ಗೆ, ನೆರಳಲ್ಲಿ ಮಾಡಿ, ಒಣಗಿದಲ್ಲಿ ಒದ್ದೆ ಕೈ ಆಡಿಸಿ. ನಾಯಿ ನೊರೆ ನೆಕ್ಕದಂತೆ ಒಬ್ಬರು ತಲೆ ಹಿಡಿದಿರಲಿ. ಕಣ್ಣಿಗೆ, ಕಿವಿಯೊಳಗೆ ಮಾತ್ರ ಹೋಗಲೇಬಾರದು.

ಇನ್ನೊಂದು: ಮೊದಲು ಸಾಬೂನು ಹಚ್ಚಿ ಆಮೇಲೆ ಈ ಶಾಂಪೂ ಹಾಕಬೇಡಿ. ಸಾಬೂನಿನ ಅಂಶ ಉಳಿದರೆ ಕ್ಲೋರ್‌ಹೆಕ್ಸಿಡಿನ್ ಶಕ್ತಿ ಕಳೆದುಕೊಳ್ಳುತ್ತದೆ. ಕೊನೆಗೆ ಬೆರಳ ಸಂದಿಯ ಜಾರು ಹೋಗುವವರೆಗೆ ನೀರು ಹಾಕಿ, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ.

ಲೆಕ್ಕ ಹೀಗಿದೆ: ವಾರಕ್ಕೆ ಎರಡು ಸಲ, ಮೂರು ವಾರ. ಗಿಡ್ಡ ಕೂದಲಿನ ಮುಧೋಳಕ್ಕೆ ಸಲಕ್ಕೆ ಸುಮಾರು 25 ಮಿಲಿ ಹಿಡಿದರೆ 200 ಮಿಲಿ ಬಾಟಲಿಯಲ್ಲಿ ಮುಗಿದು ಉಳಿಯುತ್ತದೆ. ಲ್ಯಾಬ್ರಡಾರ್‌ಗೆ ಒಂದು ಬಾಟಲಿ ಸಾಲದು. ರೊಕ್ಕ ಬಿಗಿ ಇದ್ದರೆ ಪಾದ, ಹೊಟ್ಟೆಯಡಿಗಷ್ಟೇ ಹಚ್ಚಿ. ಹತ್ತು ನಿಮಿಷದ ತಾಳ್ಮೆ ಇಲ್ಲದವರು ಕ್ಲೋರ್‌ಹೆಕ್ಸಿಡಿನ್ ವೈಪ್ಸ್ (ಔಷಧಿ ಹಾಕಿದ ಒದ್ದೆ ಒರೆಸುಬಟ್ಟೆ) ತರಲಿ.

"ಒಂದು ಸೂಜಿ ಹಾಕಿಬಿಡ್ರಿ ಸರ್" ಅಂತ ಸ್ಟಿರಾಯ್ಡ್ ಕೇಳುವುದು ನನಗೆ ಒಪ್ಪಿಗೆಯಿಲ್ಲ. ತುರಿಕೆ ಬೇಗ ನಿಲ್ಲುತ್ತದೆ ನಿಜ, ಒಳಗೆ ಕಜ್ಜಿಯೋ ಹುಳಕಡ್ಡಿಯೋ ಇದ್ದರೆ ಅದು ಹಬ್ಬುತ್ತದೆ. ಮೂರು ವಾರದ ನಂತರವೂ ಕೆಂಪು ಇಳಿಯದಿದ್ದರೆ, ಕೆಲವು ದಿನ ಶಾಂಪೂ ನಿಲ್ಲಿಸಿ ದನದ ದವಾಖಾನೆಗೆ ಕರೆದೊಯ್ದು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಕೇಳಿ.