ಕೌಬಾಯ್ ಬೀಬಾಪ್: ಸ್ಯಾಕ್ಸೋಫೋನ್ ನುಡಿಸುವವಳ ಕಿವಿಗೆ ಕೇಳಿಸಿದ್ದು

'ಸ್ಕಿಪ್ ಇಂಟ್ರೋ' ಒತ್ತಬೇಡಿ. ಜಪಾನಿನ ಅನಿಮೇಶನ್ ಸರಣಿ 'ಕೌಬಾಯ್ ಬೀಬಾಪ್' ನೋಡಲು ಕೂರುವವರಿಗೆ ನಾನು ಮೊದಲು ಹೇಳುವ ಮಾತು ಇದೇ. ಶುರುವಿನ ಆ ಒಂದೂವರೆ ನಿಮಿಷದಲ್ಲಿ ಡಬಲ್ ಬೇಸ್ ನಡೆಯುತ್ತದೆ, ಕೈಯಲ್ಲಿ ಬಾರಿಸುವ ಬಾಂಗೊ ಬಂದು ಸೇರುತ್ತದೆ, ಆಮೇಲೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಹಾಡು ಅಂತ ಏನೂ ಇಲ್ಲ. ಬಣ್ಣದ ಪಟ್ಟೆಗಳ ಮೇಲೆ ಕಪ್ಪು ನೆರಳುಗಳು ಓಡುತ್ತವೆ, ಸಿಗರೇಟು ಹೊತ್ತಿಸುತ್ತವೆ, ಗುಂಡು ಹಾರಿಸುತ್ತವೆ. ಈ ಬಾಣಬಿರುಸಿನ ಹೆಸರು 'ಟ್ಯಾಂಕ್!'. ಸಂಗೀತ ಯೋಕೊ ಕಾನ್ನೊ ಅವರದು, ನುಡಿಸಿದ್ದು ಅವರ ತಂಡ 'ಸೀಟ್‌ಬೆಲ್ಟ್ಸ್', ಆಲ್ಟೊ ಸ್ಯಾಕ್ಸೋಫೋನ್ ಮಸಾತೊ ಹೋಂಡಾ.

ನಾನು ಮುಂಬೈ ಪಕ್ಕದ ಡೊಂಬಿವಲಿಯವಳು. ವಾರದ ದಿನಗಳಲ್ಲಿ ಅಕೌಂಟ್ಸ್ ಕೆಲಸ, ಮುಹೂರ್ತದ ದಿನಗಳಲ್ಲಿ ಸ್ಯಾಕ್ಸೋಫೋನ್. ಅಪ್ಪ ಕಲಿಸಿದ ವಿದ್ಯೆ. ಘಾಟ್ಕೋಪರ್, ಭಾಂಡೂಪ್, ಮೀರಾ ರೋಡ್ ಕಡೆ ನಮ್ಮ ಕರಾವಳಿಯವರ ಮದುವೆ ಇದ್ದರೆ, ದೇವಸ್ಥಾನದ ಉತ್ಸವ ಇದ್ದರೆ ನಮ್ಮ ವಾದ್ಯದ ತಂಡಕ್ಕೆ, ಅಂದರೆ ಸೆಟ್ಟಿಗೆ, ಕರೆ ಬರುತ್ತದೆ. ಹಾಗಾಗಿ ಈ ಸರಣಿಯನ್ನು ನಾನು ಕಣ್ಣಿಗಿಂತ ಜಾಸ್ತಿ ಕಿವಿಯಲ್ಲಿ ನೋಡಿದೆ. ತೋರಿಸಿದವನು ತಮ್ಮನ ಮಗ. "ಅತ್ತೆ, ಇದರಲ್ಲಿ ನಿಮ್ಮ ವಾದ್ಯ ಇದೆ" ಅಂತ ಫೋನ್ ಕೈಗೆ ಕೊಟ್ಟ.

ಗೊತ್ತಿಲ್ಲದವರಿಗೆ ಕಥೆಯ ಹಿನ್ನೆಲೆ ಹೇಳಿಬಿಡುತ್ತೇನೆ. ಜಪಾನಿನ ಸನ್‌ರೈಸ್ ಸ್ಟುಡಿಯೊ ಮಾಡಿದ 26 ಕಂತುಗಳ ಅನಿಮೆ ಇದು. ನಿರ್ದೇಶಕ ಶಿನಿಚಿರೊ ವಾತಾನಾಬೆ, ಬರವಣಿಗೆಯ ಮುಖ್ಯ ಹೊಣೆ ಕೇಕೊ ನೊಬುಮೊಟೊ ಅವರದು. ನಡೆಯುವುದು 2071ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು ಬಾಹ್ಯಾಕಾಶದ ದೊಡ್ಡ ಗೇಟು ಸ್ಫೋಟಗೊಂಡು ಚಂದ್ರನ ಚೂರುಗಳು ಭೂಮಿಗೆ ಬೀಳತೊಡಗಿವೆ. ಜನ ಮಂಗಳಕ್ಕೆ, ಗುರುವಿನ ಚಂದ್ರಗಳಿಗೆ ಗುಳೆ ಹೋಗಿದ್ದಾರೆ. ಪೊಲೀಸರಿಂದ ಎಲ್ಲ ಕಡೆ ಆಗುವುದಿಲ್ಲ, ಅಪರಾಧಿಯನ್ನು ಹಿಡಿದುಕೊಟ್ಟವರಿಗೆ ಇನಾಮು ಸಿಗುತ್ತದೆ. ಹಾಗೆ ಹಿಡಿದು ಹೊಟ್ಟೆ ಹೊರೆಯುವವರು ಸ್ಪೈಕ್, ಜೆಟ್, ಫೇ. ಜೊತೆಗೆ ಎಡ್ ಅನ್ನೋ ಕಂಪ್ಯೂಟರ್ ಪುಟಾಣಿ, ಐನ್ ಅನ್ನೋ ಕಾರ್ಗಿ ನಾಯಿ. ಇವರ ಹಡಗು 'ಬೀಬಾಪ್' ಮೊದಲು ಮೀನು ಹಿಡಿಯುವ ಟ್ರಾಲರ್ ಆಗಿತ್ತು. ಮಲ್ಪೆ, ಮಂಗಳೂರು ಬಂದರು ನೋಡಿ ಬೆಳೆದವರಿಗೆ ಆ ಹಡಗಿನ ಡೆಕ್ ಕಂಡ ಕೂಡಲೇ ಗುರುತು ಸಿಗುತ್ತದೆ.

1998ರ ಏಪ್ರಿಲ್‌ನಿಂದ ಜೂನ್‌ವರೆಗೆ ಟಿವಿ ಟೋಕಿಯೊದಲ್ಲಿ ಅರ್ಧದಷ್ಟು ಕಂತು ಮಾತ್ರ ಬಂದವು. ಪೂರ್ತಿ 26 ಬಂದದ್ದು ವಾವ್‌ವಾವ್ ಚಾನೆಲ್‌ನಲ್ಲಿ, ಆ ಅಕ್ಟೋಬರ್‌ನಿಂದ 1999ರ ಏಪ್ರಿಲ್‌ವರೆಗೆ. ಕಂತುಗಳನ್ನು ಅವರು 'ಸೆಷನ್' ಅಂತ ಕರೆದಿದ್ದಾರೆ. ಹೆಸರುಗಳಲ್ಲೂ ಬ್ಲೂಸ್, ವಾಲ್ಟ್ಸ್, ಸಾಂಬಾ, ಜಾಝ್ ತುಂಬಿವೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮದುವೆಯಲ್ಲಿ ವಾದ್ಯದವರಿಗೆ ಎರಡು ಥರದ ಹೊತ್ತು ಇರುತ್ತದೆ. ಊಟದ ಹೊತ್ತಿನಲ್ಲಿ ನಾವು ಮಾತಿನ ಅಡಿಯಲ್ಲಿ ನುಡಿಸಬೇಕು. ಯಾರಿಗೂ ಅಡ್ಡಿ ಆಗಬಾರದು. ಧಾರೆಯ ಗಳಿಗೆ ಹಾಗಲ್ಲ. ಪುರೋಹಿತರು "ಗಟ್ಟಿಮೇಳ" ಅಂದರು ಅಂದರೆ ಸಭೆಯಲ್ಲಿ ಬೇರೆ ಯಾವ ಸದ್ದೂ ಕೇಳಿಸಬಾರದು, ಬರೀ ವಾದ್ಯ. ನಾನು ನೋಡಿದ ಹೆಚ್ಚಿನ ಸಿನಿಮಾ, ಸೀರಿಯಲ್‌ಗಳಲ್ಲಿ ಸಂಗೀತ ಊಟದ ಹೊತ್ತಿನದು. ಮಾತು ಮೇಲೆ, ವಾದ್ಯ ಕೆಳಗೆ. ಬೀಬಾಪ್‌ನಲ್ಲಿ ಮುಖ್ಯವಾದ ಗಳಿಗೆ ಬಂದಾಗ ಎಲ್ಲರೂ ಬಾಯಿ ಮುಚ್ಚುತ್ತಾರೆ. ಮಾತಿಲ್ಲ, ಗುಂಡಿನ ಸದ್ದಿಲ್ಲ. ಸಂಗೀತ ಒಂದೇ.

ಐದನೆಯ ಸೆಷನ್ ನೋಡಿ. ಚರ್ಚಿನಲ್ಲಿ ಹೊಡೆದಾಟ. ಸ್ಪೈಕ್ ಬಣ್ಣದ ಗಾಜಿನ ಕಿಟಕಿಯಿಂದ ಹೊರಗೆ ಬೀಳುತ್ತಾನೆ. ಬೇರೆಯವರಾಗಿದ್ದರೆ ಅಲ್ಲಿ ಢಣಢಣ ಅಂತ ತಾಳ ಹಾಕುತ್ತಿದ್ದರು. ಕಾನ್ನೊ ಇಟ್ಟದ್ದು 'ಗ್ರೀನ್ ಬರ್ಡ್' ಅನ್ನೋ ಸಣ್ಣ ರಚನೆ, ಚರ್ಚಿನ ಗಾನವೃಂದದ ಥರದ್ದು. ಅವನು ನಿಧಾನವಾಗಿ ಬೀಳುತ್ತಲೇ ಇರುತ್ತಾನೆ, ಹಳೆಯ ನೆನಪುಗಳು ಚೂರುಚೂರಾಗಿ ಬರುತ್ತವೆ. ಆ ಎರಡು ನಿಮಿಷದಲ್ಲಿ ಅವನ ಹಿಂದಿನ ಬದುಕು ನಮಗೆ ಅರ್ಥ ಆಗುತ್ತದೆ, ಯಾರೂ ಒಂದು ಮಾತಲ್ಲೂ ವಿವರಿಸುವುದಿಲ್ಲ.

ಇಪ್ಪತ್ತನಾಲ್ಕನೆಯದು ನನಗೆ ಇನ್ನೂ ಇಷ್ಟ. ಹಡಗಿನಿಂದ ಒಬ್ಬೊಬ್ಬರೇ ಹೊರಟುಹೋಗಿದ್ದಾರೆ. ಜೆಟ್ ಎಲ್ಲರಿಗೂ ಅಂತ ಮೊಟ್ಟೆ ಬೇಯಿಸಿ ಇಟ್ಟಿದ್ದಾನೆ. ತಿನ್ನಲು ಉಳಿದವರು ಇಬ್ಬರೇ. ಅವರು ಒಬ್ಬರ ಮುಖ ಒಬ್ಬರು ನೋಡದೆ, ಹೋದವರ ಪಾಲನ್ನೂ ಸೇರಿಸಿ, ಬಾಯಿಗೆ ತುರುಕಿಕೊಂಡು ತಿನ್ನುತ್ತಾರೆ. ಸ್ಟೀವ್ ಕಾಂಟಿ ಹಾಡಿದ 'ಕಾಲ್ ಮಿ ಕಾಲ್ ಮಿ' ಕೇಳಿಸುತ್ತಿರುತ್ತದೆ. ಇಬ್ಬರು ಗಂಡಸರ ಬೇಸರವನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಇದು ಹೇಗೆ ಸಾಧ್ಯವಾಯಿತು ಅಂದರೆ, ಇಲ್ಲಿ ಕೆಲಸದ ಕ್ರಮವೇ ಬೇರೆ. ಸಾಮಾನ್ಯವಾಗಿ ಚಿತ್ರ ಮುಗಿದ ಮೇಲೆ ಅದರ ಅಳತೆಗೆ ಸಂಗೀತ ಹೊಲಿಯುತ್ತಾರೆ. ಕಾನ್ನೊ ಅವರು ಎಷ್ಟೋ ಸಲ ಕೇಳದೇ ಇದ್ದ ರಚನೆಗಳನ್ನೂ ಮಾಡಿ ಕೊಡುತ್ತಿದ್ದರು, ಅವನ್ನು ಕೇಳಿ ವಾತಾನಾಬೆ ಹೊಸ ದೃಶ್ಯ ಕಟ್ಟುತ್ತಿದ್ದರು. ನಿರ್ದೇಶಕರೇ ಇದನ್ನು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಮೊದಲ ಆಲ್ಬಮ್ 1998ರ ಮೇ ತಿಂಗಳಲ್ಲಿ ಬಂತು. 17 ರಚನೆಗಳಿವೆ. ಅದನ್ನು ಸರಣಿಯಿಂದ ಬೇರೆ ಮಾಡಿ, ಸುಮ್ನೆ ಕೂತು ಕೇಳಿ. 'ರಶ್', 'ಟೂ ಗುಡ್ ಟೂ ಬ್ಯಾಡ್' ದೊಡ್ಡ ಬ್ಯಾಂಡಿನ ಅಬ್ಬರ. 'ಸ್ಪೋಕಿ ಡೋಕಿ' ಮೌತ್ ಆರ್ಗನ್ನಿನ ಸೋಮಾರಿ ಬ್ಲೂಸ್. 'ಬ್ಯಾಡ್ ಡಾಗ್ ನೋ ಬಿಸ್ಕಿಟ್ಸ್' ಎರಡನೆಯ ಸೆಷನ್ನಿನ ನಾಯಿ ಬೆನ್ನಟ್ಟುವ ಗದ್ದಲ. 'ವಾಲ್ಟ್ಸ್ ಫಾರ್ ಝೀಝೀ' ಗಿಟಾರಿನ ಮೆಲ್ಲನೆಯ ಮಾತು. ಇಷ್ಟು ಬಗೆ ಒಂದೇ ಕೈಯಿಂದ ಬಂದಿದೆ ಅಂದರೆ ನಂಬುವುದು ಕಷ್ಟ.

ನಮ್ಮ ಬಿಲ್ಡಿಂಗ್‌ನಲ್ಲಿ ಗೋವಾ ಮೂಲದ ಹಿರಿಯರೊಬ್ಬರಿದ್ದಾರೆ. ಹಿಂದೆ ಟ್ರಂಪೆಟ್ ನುಡಿಸುತ್ತಿದ್ದವರು. ಅವರಿಗೆ 'ರಶ್' ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಎಲ್ಲರೂ ಒಟ್ಟಿಗೆ ಉಸಿರು ತಗೊಳ್ತಾರೆ, ಕೇಳಿದಿಯಾ?" ಅಂದರು. ಬ್ಯಾಂಡಿನಲ್ಲಿ ಕೂತವರಿಗೆ ಮಾತ್ರ ಹೊಳೆಯುವ ವಿಷಯ ಅದು. ಮುಂಬೈಯ ಕಿವಿಗೆ ಇಂಥ ಸಂಗೀತ ಹೊಸದಲ್ಲ ಬಿಡಿ. 1930ರ ದಶಕದಲ್ಲೇ ಇಲ್ಲಿನ ತಾಜ್ ಹೋಟೆಲಿನಲ್ಲಿ ಜಾಝ್ ಬ್ಯಾಂಡ್ ನುಡಿಸುತ್ತಿತ್ತು. ಆಮೇಲೆ ಹಿಂದಿ ಸಿನಿಮಾ ವಾದ್ಯಗೋಷ್ಠಿಗಳನ್ನು ತುಂಬಿದವರು ಗೋವಾದ ಕಲಾವಿದರು. 1951ರ 'ಅಲ್‌ಬೇಲಾ'ದಲ್ಲಿ ಸಿ. ರಾಮಚಂದ್ರ ಅವರ ಜೊತೆ ಕೆಲಸ ಮಾಡಿದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಗೋವಾದವರು. ನಮ್ಮ ಕದ್ರಿ ಗೋಪಾಲನಾಥರಿಗೂ ದೊಡ್ಡ ತಿರುವು ಸಿಕ್ಕಿದ್ದು ಇಲ್ಲೇ, 1980ರ ಬಾಂಬೆ ಜಾಝ್ ಉತ್ಸವದಲ್ಲಿ. ಅವರು ನುಡಿಸುವುದನ್ನು ಕೇಳಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ವೇದಿಕೆ ಏರಬಹುದೇ ಅಂತ ಕೇಳಿದ್ದರು. ಸ್ಯಾಕ್ಸೋಫೋನಿನಲ್ಲಿ ಗಮಕ ಕೇಳಿ ಬೆಳೆದ ನನಗೆ ಕಾನ್ನೊ ಅವರ ಸಂಗೀತ ದೂರದ್ದು ಅನಿಸದಿರುವುದಕ್ಕೆ ಇದೂ ಒಂದು ಕಾರಣ.

ಸ್ಯಾಕ್ಸೋಫೋನಿನ ವಿಷಯಕ್ಕೆ ಬಂದರೆ ಹನ್ನೆರಡು, ಹದಿಮೂರನೆಯ ಸೆಷನ್ ಬಿಡಲೇಬಾರದು. ಗುರುವಿನ ಚಂದ್ರ ಕಲಿಸ್ಟೊದಲ್ಲಿ ಹಿಮ ಸುರಿಯುವ ಊರು. ಅಲ್ಲೊಂದು ಬಾರು, ಅಲ್ಲಿ ಗ್ರೆನ್ ಅನ್ನೋ ಸ್ಯಾಕ್ಸೋಫೋನ್ ವಾದಕ, ಹಿಂದೆ ಟೈಟಾನ್ ಯುದ್ಧದಲ್ಲಿ ಸೈನಿಕ. ಅವನಿಗೆ ಏನಾಯಿತು ಅಂತ ನಾನು ಹೇಳುವುದಿಲ್ಲ. ಹದಿಮೂರನೆಯದರ ಕೊನೆಗೆ ಎಂದಿನ ಹಾಡು ಬರುವುದಿಲ್ಲ, 'ಸ್ಪೇಸ್ ಲಯನ್' ಬರುತ್ತದೆ. ಆಲ್ಬಮ್‌ನಲ್ಲಿ ಅದು ಏಳು ನಿಮಿಷದ್ದು. ಮೊದಲು ಒಂಟಿ ಸ್ಯಾಕ್ಸೋಫೋನ್, ಅವಸರವೇ ಇಲ್ಲದೆ. ಸ್ವರ ಮುಗಿಯುವ ಕಡೆ ಗಾಳಿಯ ಸದ್ದನ್ನೂ ಬಿಟ್ಟಿದ್ದಾರೆ. ನಂತರ ಚರ್ಮವಾದ್ಯ, ಜನರ ಗುಂಪು ಹಾಡು. ಜಾಝ್ ಅಂತ ಶುರುವಾದದ್ದು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಸಾವಿಗೆ ನುಡಿಸುವುದು ನಮ್ಮ ಸೆಟ್ಟಿನ ಪದ್ಧತಿಯಲ್ಲಿ ಇಲ್ಲ. ಇದನ್ನು ಕೇಳಿದ ಮೇಲೆ ಹಾಗೆ ನುಡಿಸುವುದು ಹೇಗಿರಬಹುದು ಅಂತ ತುಂಬಾ ಯೋಚಿಸಿದ್ದೇನೆ.

ತಮ್ಮನ ಮಗ ಮತ್ತು ಅವನ ಕಾಲೇಜಿನ ಗೆಳೆಯರಿಗೆ ಎಲ್ಲ ವಿಷಯದಲ್ಲೂ ನನ್ನ ಅಭಿಪ್ರಾಯವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್' ಸಿನಿಮಾ ಬಂದಾಗ ಥಿಯೇಟರಿನಲ್ಲಿ ಕೂಗಾಡಿ ಬಂದ ಮಕ್ಕಳು ಅವರು. "ಮಧ್ಯದಲ್ಲಿ ಕಥೆ ಮುಂದಕ್ಕೇ ಹೋಗಲ್ಲ ಅತ್ತೆ" ಅನ್ನುವುದು ಅವರ ದೂರು. ನಿಜ, ಸ್ಪೈಕ್‌ನ ಹಳೆಯ ವೈರಿಯ ಕಥೆ ಕೆಲವೇ ಕಂತುಗಳಲ್ಲಿ ಬರುತ್ತದೆ. ಉಳಿದವು ಬಿಡಿ ಕಥೆಗಳು. ನನಗೆ ಅದೇ ಹಿತ. ಪ್ರತಿ ಸಲ ಬೇರೆ ರಾಗ, ಬೇರೆ ನಡೆ. ಇನ್ನೊಂದು ಜಗಳ ಇಂಗ್ಲಿಷ್ ಡಬ್ಬಿನದು. ಅವರಿಗೆ ಸ್ಟೀವ್ ಬ್ಲಮ್ ಅವರ ದನಿಯೇ ಸ್ಪೈಕ್. ನಾನು ಜಪಾನಿ ಮಾತಿನಲ್ಲೇ, ಕೆಳಗೆ ಅಕ್ಷರ ಹಾಕಿಕೊಂಡು ನೋಡುತ್ತೇನೆ. ಕೋಯಿಚಿ ಯಮದೇರಾ ಅವರ ದನಿಯಲ್ಲಿ ಒಂದು ಅಲಕ್ಷ್ಯ ಇದೆ, ಅದು ಸಂಗೀತದ ಜೊತೆ ಚೆನ್ನಾಗಿ ಕೂಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾವೆಲ್ಲ ಒಂದೇ. ಹತ್ತೊಂಬತ್ತನೆಯ ಸೆಷನ್‌ನಲ್ಲಿ ಭೂಮಿಗೆ ಬೀಳುತ್ತಿರುವ ಸ್ಪೈಕ್‌ನನ್ನು ಉಳಿಸುವುದು ಒಂದು ಹಳೆಯ ಸ್ಪೇಸ್ ಶಟಲ್. ಮುದುಕ ಮೆಕ್ಯಾನಿಕ್ ಜೋಪಾನವಾಗಿ ಇಟ್ಟುಕೊಂಡ 'ಕೊಲಂಬಿಯಾ' ಅದು. ಇದನ್ನು ಮಾಡಿ ಕೆಲವೇ ವರ್ಷಕ್ಕೆ, 2003ರ ಫೆಬ್ರವರಿ 1ರಂದು, ನಿಜವಾದ ಕೊಲಂಬಿಯಾ ಕಲ್ಪನಾ ಚಾವ್ಲಾ ಮತ್ತು ಉಳಿದ ಆರು ಮಂದಿಯ ಜೊತೆ ಹಿಂತಿರುಗುವಾಗ ಚೂರಾಯಿತು. ಆ ಕಂತು ಓಡುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಇಷ್ಟವಾಗದ್ದೂ ಇದೆ. ಫೇ ಗಟ್ಟಿ ಹೆಂಗಸು, ಸಾಲದಲ್ಲಿ ಮುಳುಗಿದವಳು, ತನ್ನ ಹಿಂದಿನ ಬದುಕೇ ನೆನಪಿಲ್ಲದವಳು. ಹಳೆಯ ಬೀಟಾಮ್ಯಾಕ್ಸ್ ಟೇಪಿನಲ್ಲಿ ತನ್ನ ಹುಡುಗಿ ಮುಖ ನೋಡುವ ಹದಿನೆಂಟನೆಯ ಸೆಷನ್ ಕರುಳು ಹಿಂಡುತ್ತದೆ. ಅಂಥವಳಿಗೆ ಹಾಕಿಸಿದ ಬಟ್ಟೆ ಮತ್ತು ಕ್ಯಾಮೆರಾ ಅವಳನ್ನು ನೋಡುವ ರೀತಿ ನನಗೆ ಸರಿ ಕಾಣಲಿಲ್ಲ. ಇಪ್ಪತ್ತನೆಯ ಸೆಷನ್ ತುಂಬಾ ಕ್ರೂರ, ರಾತ್ರಿ ನೋಡಬೇಡಿ. ಡ್ರಗ್ಸ್, ರಕ್ತ ಎರಡೂ ಇರುವುದರಿಂದ ಸಣ್ಣ ಮಕ್ಕಳಿಗೆ ಹಾಕಿಕೊಡುವ ಕಾರ್ಟೂನ್ ಇದಲ್ಲ. 2021ರಲ್ಲಿ ಇದೇ ಕಥೆಯನ್ನು ನಿಜವಾದ ನಟರನ್ನಿಟ್ಟು ಮಾಡಿದ ಸರಣಿಗೂ ಕಾನ್ನೊ ಅವರೇ ಸಂಗೀತ ಕೊಟ್ಟರು, ಆದರೆ ಅಲ್ಲಿ ಜನ ಮಾತಾಡುತ್ತಲೇ ಇರುತ್ತಾರೆ. ವಾದ್ಯ ಮತ್ತೆ ಊಟದ ಹೊತ್ತಿಗೆ ಇಳಿಯಿತು. ಒಂದೇ ಸೀಸನ್‌ಗೆ ಅದು ನಿಂತುಹೋಯಿತು.

ನಾನು ನೋಡಿದ ಆ್ಯಪ್‌ನದೂ ಒಂದು ತೊಂದರೆ. ಕಂತು ಮುಗಿಯುತ್ತಿದ್ದ ಹಾಗೆ ಪರದೆ ಕುಗ್ಗಿಸಿ ಮುಂದಿನದಕ್ಕೆ ಎಣಿಕೆ ಶುರು ಮಾಡುತ್ತದೆ. ಮಾಯ್ ಯಮಾನೆ ಹಾಡಿದ 'ದ ರಿಯಲ್ ಫೋಕ್ ಬ್ಲೂಸ್' ಅರ್ಧಕ್ಕೇ ತುಂಡಾಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೊಪ್ಲೇ ಆಫ್ ಮಾಡಿಕೊಳ್ಳಿ. ಕೊನೆಯ ಸೆಷನ್‌ನಲ್ಲಂತೂ ಅದೇ ಗಾಯಕಿಯ 'ಬ್ಲೂ' ಬರುತ್ತದೆ. ಅದನ್ನು ತುಂಡು ಮಾಡಿ ಕೇಳಿದರೆ ಇಡೀ ಕಥೆಗೆ ಮೋಸ.

ಎಲ್ಲಿ ಕೇಳಬೇಕು ಅನ್ನುವುದೂ ಮುಖ್ಯ. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ಲಿನಲ್ಲಿ ಬೇಡ. ಹಳಿಯ ಸದ್ದು ಡಬಲ್ ಬೇಸನ್ನು ನುಂಗಿಬಿಡುತ್ತದೆ, ಉಳಿಯುವುದು ಬರೀ ಟ್ರಂಪೆಟ್ಟಿನ ಕಿರುಚು. ಫೋನಿನ ಸ್ಪೀಕರಿನದೂ ಅದೇ ಕಥೆ. ಮನೆಯಲ್ಲಿ ಸ್ಪೀಕರ್ ಇಲ್ಲವಾದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಚಿತ್ರ ಹಳೆಯ ಟಿವಿಯ ಚೌಕದಲ್ಲಿದೆ. ಟಿವಿಯ ಅಂಚಿಗೆ ಎಳೆದು ಹಿಗ್ಗಿಸಬೇಡಿ, ಕೈಯಲ್ಲಿ ಬಣ್ಣ ಹಚ್ಚಿದ ಆ ಹಾಳೆಗಳ ಅಂದ ಕೆಡುತ್ತದೆ.

ನನ್ನ ಹಾಗೆ ಸ್ಯಾಕ್ಸೋಫೋನ್ ನುಡಿಸುವವರಿಗೆ ಇನ್ನೊಂದು ಮಾತು. ಟಿವಿಯ 'ಟ್ಯಾಂಕ್!' ಕೇಳಿ ಬಿಡಬೇಡಿ, ಆಲ್ಬಮ್‌ನ ಮೂರೂವರೆ ನಿಮಿಷದ್ದನ್ನು ಹಾಕಿ. ಕೊನೆಯಲ್ಲಿ ಹೋಂಡಾ ಒಬ್ಬರೇ ಬ್ಯಾಂಡಿನ ಎದುರು ನಿಂತಂತೆ ನುಡಿಸುತ್ತಾರೆ, ಬ್ಯಾಂಡು ಅಲ್ಲಲ್ಲಿ ಗುದ್ದು ಕೊಡುತ್ತದೆ. ಅಲ್ಲಿನ ತುದಿಯ ಸ್ವರಗಳು ಕೀ ಒತ್ತಿದರೆ ಬರುವಂಥವಲ್ಲ. ಗಂಟಲು, ತುಟಿ, ಉಸಿರು ಮೂರನ್ನೂ ಹದ ಮಾಡಿಕೊಂಡು ಹೊರಡಿಸಬೇಕು. ಮೃದುವಾದ ರೀಡಿನಲ್ಲಿ ನನಗೆ ಅವು ಒಡೆಯುತ್ತಿದ್ದವು. ಸ್ವಲ್ಪ ಗಟ್ಟಿ ರೀಡ್ ಹಾಕಿ, ಅರ್ಧ ವೇಗದಲ್ಲಿ ಶುರು ಮಾಡಿ. ಕೊನೆಯ ನಾಲ್ಕು ಸಾಲನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ಬ್ರಾಸ್‌ನವರ ಜೊತೆ ಬರುವ ಸಣ್ಣ ಸಣ್ಣ ತುಂಡುಗಳು ಸರಿಯಾಗಲಿ. ನಮ್ಮ ಸೆಟ್ಟಿನ ಡೋಲಿನವರು ಬಾಂಗೊ ಭಾಗವನ್ನು ಆಗಲೇ ಹಿಡಿದಿದ್ದಾರೆ.